ಜೋಡಿ ಕಾರ್ಬೊರೇಟರ್ ಬ್ಯಾಲೆನ್ಸ್: ನಾನು ಪ್ರಯತ್ನಿಸಿದ ನಾಲ್ಕು ದಾರಿ

ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತಾರಲ್ಲ, ನನ್ನ ಕ್ಯಾಂಪರ್ ವ್ಯಾನಿನ ಎಂಜಿನ್ ಹಾಗೇ ಓಡುತ್ತಿತ್ತು. 1975ರ ಫೋಕ್ಸ್‌ವ್ಯಾಗನ್ ಟೈಪ್ 2, 1.8 ಲೀಟರ್ ಎಂಜಿನ್. ಎರಡು ಸಿಲಿಂಡರಿಗೆ ಒಂದರಂತೆ ಎರಡು ಸೋಲೆಕ್ಸ್ ಕಾರ್ಬೊರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಎರಡೂ ಸಮನಾಗಿ ಗಾಳಿ ಎಳೆಯುವಂತೆ ಮಾಡುವುದೇ ಬ್ಯಾಲೆನ್ಸ್. ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಗಡಗಡ ನಡುಗುತ್ತಿತ್ತು, ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ ಮುಗ್ಗರಿಸುತ್ತಿತ್ತು.

ವಾಲ್ವ್ ಗ್ಯಾಪ್, ಕಿಡಿ ಹುಟ್ಟಿಸುವ ಪಾಯಿಂಟ್‌ನ ಗ್ಯಾಪ್ (0.4 ಮಿ.ಮೀ.), ಕಿಡಿಯ ಟೈಮಿಂಗ್ ಮೂರನ್ನೂ ಮೊದಲೇ ಸರಿ ಮಾಡಿಕೊಂಡಿದ್ದೆ. ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಗಾಳಿಯಿಂದ ತಣ್ಣಗಾಗುವ ಈ ಎಂಜಿನ್ ಬಿಸಿಗೆ ಅಗಲವಾಗುತ್ತದೆ, ಎರಡು ಕಾರ್ಬೊರೇಟರ್ ನಡುವಿನ ಅಂತರವೂ ಕೊಂಚ ಬದಲಾಗುತ್ತದೆ. ತಣ್ಣಗಿದ್ದಾಗ ಹಿಡಿಸಿದ ಬ್ಯಾಲೆನ್ಸ್ ಹತ್ತು ನಿಮಿಷದಲ್ಲಿ ತಪ್ಪಿಹೋಯಿತು. ಒಂದು ಬೆಳಗ್ಗೆ ಪೂರ್ತಿ ದಂಡ!

ಮೊದಲು ರಬ್ಬರ್ ಪೈಪ್. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರ್ ಬಾಯಿಗೆ. ಎರಡೂ ಕಡೆ ಒಂದೇ ಜಾಗದಲ್ಲಿ ಹಿಡಿದು ‘ಸುಯ್’ ಸದ್ದನ್ನು ಹೋಲಿಸಬೇಕು. ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ, ಸಣ್ಣದು ಕಿವಿಗೆ ಸಿಗಲ್ಲ.

ಎರಡನೆಯದು ಯೂನಿಸಿನ್ ಎಂಬ ಗಾಳಿ ಅಳೆಯುವ ಸಾಧನ: ಗಾಜಿನ ಕೊಳವೆಯೊಳಗೆ ಪುಟ್ಟ ಬೆಂಡು ಮೇಲೇಳುತ್ತದೆ. ಕಡಿಮೆ ಬೆಲೆ, ಆದರೆ ಬಾಯಿಯ ಮೇಲೆ ಇಟ್ಟ ಕೂಡಲೇ ಗಾಳಿ ಕಟ್ಟಿ ಎಂಜಿನ್ನೇ ಸುಸ್ತಾಗುತ್ತದೆ. ತೂಕ ಹಾಕುವವನೇ ತಕ್ಕಡಿ ಮೇಲೆ ಕೈಯಿಟ್ಟ ಹಾಗೆ, ಅಲ್ವಾ?

ಪಾರದರ್ಶಕ ಟ್ಯೂಬಿಗೆ ಎಣ್ಣೆ ತುಂಬಿ ಮನೆಯಲ್ಲೇ ಮಾಡಿದ ವ್ಯಾಕ್ಯೂಮ್ ಅಳತೆಗೋಲು ಮೂರನೆಯದು. ಎರಡು ಬದಿಯ ಎಳೆತ ಬೇರೆಯಾದರೆ ಎಣ್ಣೆ ಒಂದು ಕಡೆಗೆ ಸರಿಯುತ್ತದೆ. ಬೈಕ್‌ಗಳಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಇಲ್ಲಿ ಎರಡು ಮ್ಯಾನಿಫೋಲ್ಡ್‌ಗಳ (ಕಾರ್ಬೊರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಗಳ) ನಡುವೆ ಬ್ಯಾಲೆನ್ಸ್ ಪೈಪ್ ಇದೆ, ಅದು ವ್ಯತ್ಯಾಸವನ್ನೆಲ್ಲ ನುಂಗಿಬಿಡುತ್ತದೆ. ಎಣ್ಣೆ ಅಲ್ಲಾಡಿದ್ದೇ ಕಡಿಮೆ. ನನ್ನ ವ್ಯಾನಿಗೆ ಇದು ಸುಮ್ನೆ ಕಾಲಹರಣ.

ಕೊನೆಗೆ ಮುಳ್ಳಿನ ಸಿಂಕ್ರೊಮೀಟರ್. ಬೆಲೆ ಜಾಸ್ತಿ, ಆದರೂ ಗೆದ್ದದ್ದು ಇದೇ. ಗಾಳಿಗೆ ಅಷ್ಟಾಗಿ ಅಡ್ಡಿಯಾಗಲ್ಲ, ಗಂಟೆಗೆ ಎಷ್ಟು ಕಿಲೋ ಗಾಳಿ ಹೋಗುತ್ತಿದೆ ಅಂತ ಮುಳ್ಳು ತೋರಿಸುತ್ತದೆ. ಬುಡದಲ್ಲಿ ಸಂದಿ ಉಳಿದರೆ ಮಾತ್ರ ಅಳತೆ ಸುಳ್ಳಾಗುತ್ತದೆ, ಹಾಗಾಗಿ ರಬ್ಬರ್ ಅಡಾಪ್ಟರ್ ಬೇಕು.

ಅಸಲಿ ಆಟ ಇರುವುದು ಆಕ್ಸಿಲರೇಟರಿನ ಎಳೆತವನ್ನು ಕಾರ್ಬೊರೇಟರಿಗೆ ತಲುಪಿಸುವ ರಾಡಿನಲ್ಲಿ. ಒಂದು ಬದಿಯ ರಾಡ್ ಕಳಚಿ, ಸ್ಲೋನಲ್ಲಿ ಎರಡೂ ಕಡೆ ಮುಳ್ಳು ಒಂದೇ ಅಂಕಿಗೆ ಬರುವಂತೆ ಮಾಡಿದೆ. ಆಮೇಲೆ ರಾಡನ್ನು ಅದು ಕೂರುವ ಗುಂಡನೆಯ ತಲೆಯ ಮೇಲೆ ಒತ್ತಿ ಕೂರಿಸಿದಾಗ ಮುಳ್ಳು ಕೂದಲೆಳೆಯಷ್ಟೂ ಅಲುಗಬಾರದು. ನನ್ನದರಲ್ಲಿ ಟಪಕ್ಕನೆ ಜಿಗಿಯಿತು, ಅಂದರೆ ರಾಡ್ ಉದ್ದ ತಪ್ಪು. ಲಾಕ್ ನಟ್ ಸಡಿಲಿಸಿ ಅರ್ಧರ್ಧ ಸುತ್ತು ತಿರುಗಿಸುತ್ತಾ ಐದನೇ ಸಲಕ್ಕೆ ಸರಿಹೋಯಿತು. ನಂತರ 2,000 ಆರ್‌ಪಿಎಂಗೆ ರೈಸ್ ಮಾಡಿ ಮತ್ತೆ ನೋಡಿದೆ. ಸ್ಲೋನಲ್ಲಿ ಸಮ ಇದ್ದು ಇಲ್ಲಿ ತಪ್ಪಿದರೆ ಮುಗ್ಗರಿಸುವುದು ನಿಲ್ಲಲ್ಲ. ಗಾಡಿ ಓಡುವುದೇನು ಸ್ಲೋನಲ್ಲೇ?

ಇಷ್ಟಾದರೂ ಬಲಗಡೆಯ ಎರಡು ಪ್ಲಗ್ ಬಿಳಿಚಿಕೊಂಡಿದ್ದವು, ಅಂದರೆ ಅಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಮುಳ್ಳು ಎರಡೂ ಕಡೆ ಸಮ ತೋರಿಸುತ್ತಿತ್ತು! ಬೇಸತ್ತು ಮೂಲೆಗೆ ಎಸೆದಿದ್ದ ರಬ್ಬರ್ ಪೈಪನ್ನೇ ಎತ್ತಿಕೊಂಡು ಕಾರ್ಬೊರೇಟರ್ ಸುತ್ತ ಆಡಿಸಿದೆ. ಥ್ರಾಟಲ್ ಸ್ಪಿಂಡಲ್ (ಗಾಳಿ ಬಿಡುವ ತಟ್ಟೆ ತಿರುಗುವ ಅಚ್ಚು) ತುದಿಗೆ ಬಂದಾಗ ಹಾವು ಬುಸುಗುಟ್ಟಿದಂಥ ಸದ್ದು. ಸ್ಪಿಂಡಲ್ ಸವೆದು ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತಿತ್ತು. ಬಾಯಿಯ ಮೂಲಕ ಹೋಗದ ಗಾಳಿಯನ್ನು ಬಾಯಿಯ ಮೇಲೆ ಕೂತ ಮೀಟರ್ ಹೇಗೆ ತಾನೇ ಅಳೆಯುತ್ತದೆ?

ಹೊಸ ಬುಷ್ ಹಾಕಿಸಿ, ಮೊದಲಿಂದ ಇಡೀ ಕೆಲಸ ಇನ್ನೊಮ್ಮೆ ಮಾಡಿದೆ. ಈಗ ಸಿಂಕ್ರೊಮೀಟರ್ ಡಬ್ಬಿಯೊಳಗೇ ಆ ಅರ್ಧ ಮೀಟರ್ ಪೈಪನ್ನೂ ಸುತ್ತಿ ಇಟ್ಟಿದ್ದೇನೆ. ಯೂನಿಸಿನ್ ಬೇಕಾದವರಿಗೆ ಕೊಟ್ಟುಬಿಡುತ್ತೇನೆ.