ತುಕ್ಕು ಬಿಡಿಸೋಕೆ ಆಸಿಡ್ ತಂದೆ, ಕೋಣೆ ತುಂಬಾ ತುಕ್ಕು ಹಿಡಿಸಿದೆ

ಹಳೇ ಉಪಕರಣಗಳನ್ನು ಉಜ್ಜಿ ಹೊಳಪು ಬರಿಸೋ ಹುಚ್ಚು ಇರುವವರು ಇದನ್ನು ಓದಿಬಿಡಿ. ನನ್ನ ದಡ್ಡತನ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೂ ಬರೆಯುತ್ತಿದ್ದೇನೆ.

ಅಜ್ಜ ಮರಗೆಲಸ ಮಾಡುತ್ತಿದ್ದರು. ಅವರ ಸಾಮಾನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಬಿದ್ದಿತ್ತು. ಎರಡು ಉಳಿ, ಹತ್ತರಿಯ ಅಲಗು, ಗರಗಸ, ಸ್ಪ್ರಿಂಗ್ ಇರುವ ಗಿಡ ಕತ್ತರಿ. ದೊಡ್ಡ ಉಳಿಯ ಬುಡದಲ್ಲಿ ಸಾಲಾಗಿ ಮೂರು ಚುಕ್ಕಿ. ಬೇರೆಯವರ ಉಳಿ ಜೊತೆ ಸೇರಿಹೋಗದಿರಲಿ ಅಂತ ಅಜ್ಜ ತಾವೇ ಪಂಚ್ ಇಟ್ಟು ಹೊಡೆದುಕೊಂಡ ಗುರುತು ಅದು.

ಎಮರಿ ಪೇಪರ್ ಹಿಡಿದು ಎರಡು ಸಂಜೆ ಉಜ್ಜಿದೆ. ಕೈ ನೋವು ಬಂತು, ತುಕ್ಕು ಹೋಗಲಿಲ್ಲ. ಆಗ ಯಾವುದೋ ವಿಡಿಯೋದಲ್ಲಿ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಹಾಕಿದರೆ ಹತ್ತು ನಿಮಿಷದ ಕೆಲಸ, ತುಕ್ಕನ್ನು ಮಾತ್ರ ತಿನ್ನುತ್ತೆ, ಕಬ್ಬಿಣ ಮುಟ್ಟಲ್ಲ ಅಂದಿದ್ದರು. ನಂಬಿದೆ. 30 ಪರ್ಸೆಂಟ್ ಹತ್ತಿರದ ಆಸಿಡ್ ತಂದು, ಪ್ಲಾಸ್ಟಿಕ್ ಟಬ್‌ಗೆ ನೀರು ಹಾಕಿ ಅದಕ್ಕೆ ಆಸಿಡ್ ಸುರಿದೆ (ಆಸಿಡ್ ಮೇಲೆ ನೀರು ಸುರಿಯಬಾರದು, ಅಷ್ಟು ಗೊತ್ತಿತ್ತು). ಗರಗಸ ಟಬ್‌ನಲ್ಲಿ ಹಿಡಿಸಲಿಲ್ಲ ಅಂತ ಗೋಡೆಗೆ ನೇತುಹಾಕಿ ಉಳಿದಿದ್ದನ್ನೆಲ್ಲ ಮುಳುಗಿಸಿದೆ. ಕೆಲಸದ ಕೋಣೆಯಲ್ಲೇ. ಧೂಳು ಬರುತ್ತೆ ಅಂತ ಕಿಟಕಿ ಬೇರೆ ಮುಚ್ಚಿದ್ದೆ.

ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ಆಹಾ, ಕೆಲಸ ಮಾಡ್ತಿದೆ ಅಂತ ಖುಷಿಪಟ್ಟೆ ನೋಡಿ, ಅಲ್ಲೇ ಎಡವಿದ್ದು. ತುಕ್ಕು ಕರಗುವಾಗ ಗುಳ್ಳೆ ಬರೋದಿಲ್ಲ. ಆಸಿಡ್ ಉಕ್ಕಿಗೇ ಬಾಯಿ ಹಾಕಿದಾಗ ಬರೋ ಹೈಡ್ರೋಜನ್ ಅದು. ಗಂಟಲು ಉರಿಯೋಕೆ ಶುರುವಾಯಿತು, ಕೆಮ್ಮುತ್ತಾ ಹೊರಗೆ ಬಂದೆ, ಒಂದು ಫೋನ್ ಬಂತು, ಮಾತಾಡ್ತಾ ಊಟ ಆಯಿತು, ನಿದ್ದೆಯೂ ಆಯಿತು.

ಬೆಳಿಗ್ಗೆ ಬಾಗಿಲು ತೆಗೆದರೆ ಇಡೀ ಕೋಣೆಗೆ ಯಾರೋ ಅರಿಶಿನ ಕುಂಕುಮ ಕಲಸಿ ಎರಚಿದ ಹಾಗಿತ್ತು. ಹೊಸ ಸ್ಪ್ಯಾನರ್‌ಗಳು, ಡ್ರಿಲ್‌ನ ಚಕ್, ವೈಸ್, ಬಾಗಿಲ ಚಿಲಕ, ಎಲ್ಲದರ ಮೇಲೂ ಕಿತ್ತಳೆ ಬಣ್ಣದ ಪುಡಿ. ಆಸಿಡ್‌ಗೆ ಹಾಕದೇ ಇದ್ದ ಗರಗಸಕ್ಕೂ ಅದೇ ಗತಿ. ಸೂಕ್ಷ್ಮ ಅಳತೆ ತೆಗೆಯೋ ವರ್ನಿಯರ್ ಕ್ಯಾಲಿಪರ್ ಅಂತೂ ಅಲ್ಲಾಡಲೇ ಇಲ್ಲ, ಬಲವಾಗಿ ಎಳೆದರೆ ಕರ್ ಅಂತ ಒಂದಿಷ್ಟು ಸರಿದು ಮತ್ತೆ ನಿಂತಿತು, ಗೆರೆಗಳ ಮೇಲೆಲ್ಲ ಕಲೆ. ಆಗಿದ್ದಿಷ್ಟೇ: ಆಸಿಡ್‌ನಿಂದ ಏಳುವ ಹೊಗೆ ಗಾಳಿಯ ತೇವದ ಜೊತೆ ಸೇರಿ ಪ್ರತಿ ಕಬ್ಬಿಣದ ಮೇಲೂ ಕೂರುತ್ತೆ. ಟಬ್ ಒಳಗೆ ತುಕ್ಕು ಹೋಗ್ತಿದ್ದರೆ ಹೊರಗೆ ಹತ್ತರಷ್ಟು ಹುಟ್ಟುತ್ತಿರುತ್ತೆ.

ಟಬ್‌ನಲ್ಲಿದ್ದ ಉಳಿಯ ಅಂಚು ಹುಳ ತಿಂದ ಎಲೆ ಥರ ಆಗಿತ್ತು, ಮೈತುಂಬಾ ಗುಳಿ. ಆ ಗುಳಿಗಳ ನಡುವೆ ಅಜ್ಜನ ಚುಕ್ಕಿ ಯಾವುದು ಅಂತ ಬೆರಳಲ್ಲಿ ಸವರಿ ಸವರಿ ನೋಡಿದೆ. ಗೊತ್ತಾಗಲಿಲ್ಲ.

ಗಿಡ ಕತ್ತರಿ ಮಾತ್ರ ನೋಡೋಕೆ ಚೆನ್ನಾಗೇ ಇತ್ತು. ತೊಳೆದು ಎಣ್ಣೆ ಹಚ್ಚಿಟ್ಟೆ. ನಾಲ್ಕು ದಿನ ಬಿಟ್ಟು ಒಂದು ಒಣಗಿದ ಕಡ್ಡಿ ಕತ್ತರಿಸೋಕೆ ಒತ್ತಿದರೆ ಸ್ಪ್ರಿಂಗ್ ಟಣ್ ಅಂತ ಮುರಿದು ಕೆನ್ನೆ ಪಕ್ಕದಲ್ಲೇ ಹಾರಿಹೋಯಿತು. ಗಟ್ಟಿ ಮಾಡಿದ ಉಕ್ಕನ್ನು ಆಸಿಡ್‌ಗೆ ಹಾಕಿದರೆ ಹೈಡ್ರೋಜನ್ ಒಳಗೆ ಇಳಿದು ಅದನ್ನು ಗಾಜಿನ ಹಾಗೆ ಪೆಡಸು ಮಾಡಿಬಿಡುತ್ತೆ. ಹೊರಗಡೆ ಏನೂ ಕಾಣಲ್ಲ. ಸ್ಪ್ರಿಂಗ್, ಗರಗಸದ ಹಾಳೆ, ಇಂಥವನ್ನು ದಯವಿಟ್ಟು ಆಸಿಡ್ ಹತ್ತಿರ ಒಯ್ಯಬೇಡಿ. ಇನ್ನೊಂದು, ಆಸಿಡ್ ಪಕ್ಕ ಬ್ಲೀಚ್ ಇಡಲೇಬೇಡಿ. ಎರಡೂ ಸೇರಿದರೆ ಬರೋದು ಕ್ಲೋರಿನ್, ಅದು ಬರೀ ಕೆಮ್ಮಿನ ವಿಷಯ ಅಲ್ಲ.

ಈಗ ನಿಂಬೆ ಉಪ್ಪು ಬಳಸ್ತೀನಿ, ಅದೇ ಸಿಟ್ರಿಕ್ ಆಸಿಡ್. ಲೀಟರ್ ನೀರಿಗೆ 50 ಗ್ರಾಂ. ಇದೂ ಆಸಿಡ್ಡೇ, ಮರೆತು ಬಿಟ್ಟರೆ ಇದೂ ಉಕ್ಕು ತಿನ್ನುತ್ತೆ, ಆದರೆ ನಿಧಾನ, ಆ ಥರ ಹೊಗೆಯೂ ಇಲ್ಲ. ಗಂಟೆಗೊಮ್ಮೆ ತೆಗೆದು ಬ್ರಷ್‌ನಲ್ಲಿ ಉಜ್ಜಿ ನೋಡ್ತೀನಿ. ಆದ ಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ, ತಕ್ಷಣ ಒರೆಸಿ, ಬಿಸಿ ಗಾಳಿಗೆ ಒಣಗಿಸಿ ಎಣ್ಣೆ. ಇಲ್ಲಿ ಸೋಮಾರಿತನ ಮಾಡಿದರೆ ಕಣ್ಣೆದುರಿಗೇ ಮತ್ತೆ ಕೆಂಪಾಗುತ್ತೆ.

ಚಿಕ್ಕ ಉಳಿಯನ್ನು ಗುಳಿ ಹೋಗೋವರೆಗೆ ಮಸೆದೆ, ಅಗಲ ಸ್ವಲ್ಪ ಕಮ್ಮಿಯಾಗಿದೆ, ಕೆಲಸಕ್ಕೆ ಬರುತ್ತೆ. ದೊಡ್ಡದನ್ನು ಹಾಗೇ ಇಟ್ಟಿದ್ದೇನೆ. ಪಂಚ್ ತಗೊಂಡು ಮೂರು ಚುಕ್ಕಿ ಮತ್ತೆ ಹೊಡೆಯೋಣ ಅಂತ ಕೂತಿದ್ದೆ ಮೊನ್ನೆ. ಯಾಕೋ ಮನಸ್ಸಾಗಲಿಲ್ಲ.