ಕೆಎ ಬ್ಯಾಂಡ್ ಉಪಗ್ರಹ ಇಂಟರ್‌ನೆಟ್: ನಾಲ್ಕು ವರ್ಷ ಬಳಸಿದ ಮೇಲೆ

ಕೇಬಲ್ ಬಾರದ ಜಾಗದಲ್ಲಿ ವಾಸವಾಗಿರುವ ನಾನು ನಾಲ್ಕು ವರ್ಷಗಳಿಂದ ಹೆಚ್ಚಿನ ಆವರ್ತನದ (ಫ್ರೀಕ್ವೆನ್ಸಿಯ) ಕೆಎ ಬ್ಯಾಂಡ್‌ನ ಉಪಗ್ರಹ ಸಂಪರ್ಕವನ್ನೇ ನೆಚ್ಚಿಕೊಂಡು ಮನೆಯಿಂದ ಕೆಲಸ ಮಾಡುತ್ತಿದ್ದೇನೆ. ವೇಗದ ಬಗ್ಗೆ ನನಗೆ ದೂರಿಲ್ಲ. ಹಿಂದಿನ, ಇದಕ್ಕಿಂತ ಕಡಿಮೆ ಆವರ್ತನದ ಕೆಯು ಬ್ಯಾಂಡ್ ಸಂಪರ್ಕದಲ್ಲಿ ರಾತ್ರಿಯಿಡೀ ಹಿಡಿಯುತ್ತಿದ್ದ ಕಡತಗಳು ಈಗ ಒಂದು ಗಂಟೆಯೊಳಗೆ ಹೋಗುತ್ತವೆ. ದೂರು ಇರುವುದು ಮಳೆಯ ಬಗ್ಗೆ.

ಉಪಗ್ರಹದಿಂದ ಇಳಿದುಬರುವ ಸಂಕೇತ ಸುಮಾರು 20 ಗಿಗಾಹರ್ಟ್ಸ್‌ನಲ್ಲಿದ್ದರೆ, ನಮ್ಮ ಡಿಶ್‌ನಿಂದ ಏರುವುದು ಸುಮಾರು 30 ಗಿಗಾಹರ್ಟ್ಸ್‌ನಲ್ಲಿ. ಅಲ್ಲಿ ತರಂಗದ ಉದ್ದ ಕೇವಲ 1 ಸೆಂಟಿಮೀಟರ್ ಆಗಿರುವುದರಿಂದ ಮಳೆಹನಿಗಳು ಅದನ್ನು ಹೆಚ್ಚು ಹೀರಿ ಚದುರಿಸುತ್ತವೆ, ಹಾಗಾಗಿ ಮಳೆ ಬಿರುಸಾದಾಗ ಮೊದಲು ಸೋಲುವುದು ಏರುವ ದಾರಿಯೇ. ಸಭೆಯಲ್ಲಿ ಎಲ್ಲರ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿರುತ್ತದೆ, ನನ್ನ ಮಾತು ಮಾತ್ರ ಯಾರಿಗೂ ತಲುಪುವುದಿಲ್ಲ. ಅವರು ಮತ್ತೆ ಮತ್ತೆ ನನ್ನ ಹೆಸರು ಕರೆಯುವುದನ್ನು ಕೇಳಿಯೂ ಉತ್ತರಿಸಲಾಗದೆ ಕೂರುವುದು ನಿಜಕ್ಕೂ ಸಂಕಟದ ವಿಷಯ. ಕೆಲವೊಮ್ಮೆ ನಮ್ಮಲ್ಲಿ ಆಕಾಶ ತಿಳಿಯಾಗಿದ್ದರೂ ಸಂಪರ್ಕ ಕಡಿಯುತ್ತಿತ್ತು. ಮಳೆ ಸುರಿಯುತ್ತಿರುವುದು ಉಪಗ್ರಹವನ್ನು ಇಂಟರ್‌ನೆಟ್‌ಗೆ ಜೋಡಿಸುವ ದೂರದ ಭೂಕೇಂದ್ರದ ಮೇಲೆ ಎಂಬುದನ್ನು ಸೇವೆ ನೀಡುವವರು ನಾನಾಗಿ ಕೇಳುವವರೆಗೆ ಹೇಳಲಿಲ್ಲ. ಮೊದಲ ವರ್ಷದ ಕೊನೆಗೆ ಸಂಪರ್ಕ ಬಿಟ್ಟುಬಿಡಲು ನಿರ್ಧರಿಸಿದ್ದೆ.

ಬಿಡುವ ಮುನ್ನ ಕಾರಣ ತಿಳಿಯಲೆಂದು ಮೋಡೆಮ್ ತೋರಿಸುವ ಸಂಕೇತದ ಬಲವನ್ನು ದಿನವೂ ಬರೆದಿಡತೊಡಗಿದೆ. ಮಳೆ ನಿಂತ ಮೇಲೂ ಅಂಕಿ ಒಡನೆ ಏರುತ್ತಿರಲಿಲ್ಲ. ಮಳೆಯೇ ಇಲ್ಲದ, ಇಬ್ಬನಿ ಬಿದ್ದ ಮುಂಜಾವಿನಲ್ಲೂ ಇಳಿದಿರುತ್ತಿತ್ತು. ನಷ್ಟದ ಒಂದು ಪಾಲು ಆಕಾಶದಲ್ಲಿರಲಿಲ್ಲ, ಡಿಶ್‌ನ ಎದುರಿಗಿದ್ದು ಸಂಕೇತವನ್ನು ಕಳಿಸುವ, ಹಿಡಿಯುವ ಕೊಳವೆಯಾದ ಫೀಡ್ ಹಾರ್ನ್‌ನ ಮುಚ್ಚಳದ ಮೇಲೆ ಕುಳಿತ ನೀರಿನ ತೆಳುಪೊರೆಯಲ್ಲಿತ್ತು. ನಾಸಾ 1993ರಲ್ಲಿ ಹಾರಿಸಿದ ಎಸಿಟಿಎಸ್ ಉಪಗ್ರಹದ ಪ್ರಯೋಗಗಳಲ್ಲೇ ಒದ್ದೆ ಆಂಟೆನಾದ ಈ ನಷ್ಟ ಕಂಡುಬಂದಿತ್ತು ಎಂದು ಆಮೇಲೆ ಓದಿದೆ.

ಅಂದಿನಿಂದ ಬೆಳಗ್ಗೆ ಎದ್ದೊಡನೆ ಮೊದಲು ಮೋಡೆಮ್ ಆಫ್ ಮಾಡುತ್ತೇನೆ, ಏಕೆಂದರೆ ಪ್ರಸಾರ ನಡೆಯುತ್ತಿರುವಾಗ ಫೀಡ್‌ನ ಮುಂದೆ ಕೈ ಚಾಚಬಾರದು. ಮೆತ್ತನೆಯ ಒಣಬಟ್ಟೆಯಿಂದ ಮುಚ್ಚಳವನ್ನು ನಿಧಾನವಾಗಿ ಒರೆಸುತ್ತೇನೆ. 75 ಸೆಂಟಿಮೀಟರ್ ಡಿಶ್‌ನ ಕಿರಣ 20 ಗಿಗಾಹರ್ಟ್ಸ್‌ನಲ್ಲಿ ಸುಮಾರು ಒಂದೂವರೆ ಡಿಗ್ರಿಯಷ್ಟೇ ಅಗಲವಿರುವುದರಿಂದ ನನ್ನ ತೋಳು ತಗುಲಿ ಡಿಶ್ ಕದಲಿದರೂ ಸಂಕೇತ ಕುಗ್ಗುತ್ತದೆ. ಮತ್ತೆ ಚಾಲೂ ಮಾಡಿದಾಗ 9ರಲ್ಲಿದ್ದ ಅಂಕಿ 11 ಡೆಸಿಬೆಲ್‌ಗೆ ಏರಿರುವುದನ್ನು ನೋಡುವ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಮಾತಿಗೂ ಉತ್ತರಕ್ಕೂ ನಡುವಿನ ಅರ್ಧ ಸೆಕೆಂಡಿನ ವಿಳಂಬ ಭೂಸ್ಥಿರ (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ) ಉಪಗ್ರಹ ಇರುವ ಎತ್ತರದಿಂದ ಬರುವಂಥದ್ದು, ಅದಕ್ಕೆ ಬ್ಯಾಂಡ್ ಹೊಣೆಯಲ್ಲ. ದೊಡ್ಡ ಡಿಶ್ ಹಾಕಿಸಿದರೆ ಮಳೆಯನ್ನು ಇನ್ನಷ್ಟು ತಡೆದುಕೊಳ್ಳಬಹುದು, ಆದರೆ ಆ ಖರ್ಚು ನನ್ನ ಕೈಗೆ ಮೀರಿದ್ದು. ಸಣ್ಣ ಮಳೆಯಲ್ಲಿ ಮೋಡೆಮ್ ತಾನಾಗಿ ನಿಧಾನದ, ಆದರೆ ಗಟ್ಟಿಯಾದ ಸಂಕೇತ ವಿಧಾನಕ್ಕೆ ಇಳಿದು ಸಂಪರ್ಕ ಉಳಿಸಿಕೊಳ್ಳುತ್ತದೆ, ನನ್ನ ಕೆಲಸಕ್ಕೆ ಅಷ್ಟು ಸಾಕು. ಈ ಬಾರಿಯೂ ಒಂದು ವರ್ಷಕ್ಕೆ ನವೀಕರಿಸಿದ್ದೇನೆ. ಗುಡುಗು ಮಳೆ ಬಂದರೆ ಮಾತ್ರ ಈಗಲೂ ಬೇರೆ ದಾರಿಯಿಲ್ಲ. ಸಹೋದ್ಯೋಗಿಗಳಿಗೆ ಮುಂಚೆಯೇ ತಿಳಿಸಿ, ಬಟ್ಟೆಯನ್ನು ಬಾಗಿಲ ಬಳಿ ಇಟ್ಟುಕೊಂಡು ಮಳೆ ನಿಲ್ಲುವುದನ್ನು ಕಾಯುತ್ತೇನೆ.