ಸೆಪ್ಟೆಂಬರ್ ಕೊನೆಗೆ ಅಲಾಸ್ಕ ಕ್ರೂಸ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಊರಿಂದ ಅಮೆರಿಕಕ್ಕೆ ಬಂದ ಅಪ್ಪ ಅಮ್ಮನನ್ನು ಸೆಪ್ಟೆಂಬರ್ ಕೊನೆಯ ವಾರ ಅಲಾಸ್ಕ ಕ್ರೂಸ್‌ಗೆ ಕರೆದುಕೊಂಡು ಹೋಗೋಣ ಅಂತ ಯಾರಾದರೂ ಲೆಕ್ಕ ಹಾಕುತ್ತಿದ್ದರೆ ಸ್ವಲ್ಪ ತಡೆಯಿರಿ. ನಾವು ಹೋದ ವರ್ಷ ಅದನ್ನೇ ಮಾಡಿ ಅನುಭವಿಸಿದೆವು.

ಜುಲೈ ರೇಟಿನ ಮುಂದೆ ಟಿಕೆಟ್ ಹೆಚ್ಚುಕಡಿಮೆ ಅರ್ಧಕ್ಕೆ ಸಿಕ್ಕಿತು. ಏಜೆಂಟ್ ಬೇರೆ, "ಮೇ ತಿಂಗಳಿಗೂ ಸೆಪ್ಟೆಂಬರಿಗೂ ಚಳಿಯಲ್ಲಿ ಅಂಥ ವ್ಯತ್ಯಾಸ ಇಲ್ಲ" ಅಂದರು. ನಾನೂ ಫೋನಿನಲ್ಲಿ ನೋಡಿದೆ. ನಿಜವೇ, ಎರಡೂ ತಿಂಗಳು ಹಗಲಿನ ಬಿಸಿ ಹತ್ತಿರ ಹತ್ತಿರ ಒಂದೇ. ಅದರ ಪಕ್ಕದಲ್ಲೇ ಮಳೆಯ ಲೆಕ್ಕವೂ ಇತ್ತು, ಅದನ್ನು ಮಾತ್ರ ನೋಡಲಿಲ್ಲ. ತೀರ್ಥಹಳ್ಳಿ ಕಡೆಯವನು, ಮಳೆ ಕೇಳದೆ ದಿನ ಗೊತ್ತು ಮಾಡಿದೆ ನೋಡಿ! ಹಡಗುಗಳು ಹೋಗುವ ಆ ಆಗ್ನೇಯ ಅಲಾಸ್ಕದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆ ಕಡಿಮೆ. ಆಗಸ್ಟ್‌ನಿಂದ ಏರುತ್ತಾ ಹೋಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಡಿಮಳೆ.

ಮೊದಲ ಪೆಟ್ಟು ಬಿದ್ದಿದ್ದು ಸಮುದ್ರದಲ್ಲೇ. ನಮ್ಮ ಹಡಗಿನ ಹಾಗೆ ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಸಮುದ್ರದಲ್ಲೇ ಹೋಗುತ್ತವೆ. ಕೆನಡಾದ ದಡದಲ್ಲಿರುವ ವ್ಯಾಂಕೂವರ್ ನಗರದಿಂದ ಹೊರಟವು ದ್ವೀಪಕ್ಕೂ ದಡಕ್ಕೂ ನಡುವಿನ ಶಾಂತ ನೀರಿನಲ್ಲಿ ಹೋಗುತ್ತವೆ. ಈ ವ್ಯತ್ಯಾಸ ಬುಕ್ ಮಾಡುವಾಗ ನಮಗೆ ಯಾರೂ ಹೇಳಲಿಲ್ಲ. ಸೆಪ್ಟೆಂಬರ್ ಕೊನೆಗೆ ಅಲ್ಲಿ ಗಾಳಿಯೂ ಜೋರು. ಅಮ್ಮ ಎರಡನೇ ದಿನ ಇಡೀ ಕ್ಯಾಬಿನ್ನಿನಲ್ಲೇ ಒಣಶುಂಠಿ ಬಾಯಲ್ಲಿಟ್ಟುಕೊಂಡು ಮಲಗಿದ್ದರು.

ಅಲಾಸ್ಕದ ರಾಜಧಾನಿ ಜುನೋದಲ್ಲಿ ಹೆಲಿಕಾಪ್ಟರ್ ಬುಕ್ ಮಾಡಿದ್ದೆವು. ಮೆಂಡನ್‌ಹಾಲ್ ಗ್ಲೇಸಿಯರ್ (ಹಿಮನದಿ) ಮೇಲೆ ಇಳಿದು ಮಂಜುಗಡ್ಡೆ ಮುಟ್ಟಬೇಕು ಅನ್ನೋದು ಅಮ್ಮನ ಆಸೆ, ಇಡೀ ಟ್ರಿಪ್ ಶುರುವಾಗಿದ್ದೇ ಅದರಿಂದ. ಬೆಳಗ್ಗೆ ಒಂಬತ್ತಕ್ಕೆ ಮೆಸೇಜ್ ಬಂತು: ಮೋಡ ಕೆಳಗಿದೆ, ಹಾರಾಟ ರದ್ದು. ದುಡ್ಡು ವಾಪಸ್ ಕೊಟ್ಟರು, ಸರಿ. ಬಸ್ಸಿನಲ್ಲಿ ಹೋಗಿ ಗ್ಲೇಸಿಯರ್ ಮುಂದಿನ ಕೆರೆಯ ಈಚೆ ದಡದಿಂದ ನೋಡಿದೆವು. ಗ್ಲೇಸಿಯರ್‌ನ ಬುಡ ಕಂಡಿತು, ಉಳಿದಿದ್ದೆಲ್ಲ ಮೋಡದೊಳಗೆ. ಮರುದಿನ ಸ್ಕ್ಯಾಗ್ವೇಯಲ್ಲಿ ಗಾಳಿ ಜಾಸ್ತಿ ಅಂತ ಹಡಗನ್ನು ದಡಕ್ಕೆ ಕಟ್ಟಲೇ ಇಲ್ಲ.

ಇನ್ನು ಕೆಚಿಕನ್. ವರ್ಷಕ್ಕೆ ಸುಮಾರು 140 ಇಂಚು ಮಳೆ ಬೀಳುವ ಊರು. ಹಡಗು ನಿಲ್ಲುವ ಜಾಗದ ಹತ್ತಿರವೇ ಮಳೆ ಅಳತೆ ತೋರಿಸುವ ಎತ್ತರದ ಫಲಕ ಇದೆ. ತೋಟದಲ್ಲಿ ದಿನಾ ಮಳೆ ಅಳೆದು ಡೈರಿಯಲ್ಲಿ ಬರೆದಿಡುವ ನಮ್ಮಪ್ಪ ಅದರ ಕೆಳಗೆ ಕೊಡೆ ಹಿಡಿದು ನಿಂತು, "ಏನೋ ಮಾರಾಯ, ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ, ಆಷಾಢದಲ್ಲಿ ಮನೆ ಜಗಲಿ ಮೇಲೆ ಕೂತಿದ್ರೆ ಸಾಕಿತ್ತಲ್ಲ" ಅಂದರು. ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಹೊಳೆಯಲ್ಲಿ ಮೊಟ್ಟೆಯಿಟ್ಟು ಸತ್ತ ಸಾಲ್ಮನ್ ಮೀನುಗಳ ವಾಸನೆ. ಅಂಗಡಿಗಳಲ್ಲಿ ಅರ್ಧ ರೇಟಿನ ಬೋರ್ಡು, ಕೆಲವರು ಆಗಲೇ ಡಬ್ಬ ಕಟ್ಟುತ್ತಿದ್ದರು.

ಸೆಪ್ಟೆಂಬರ್‌ನಲ್ಲಿ ಅರೋರಾ, ಅಂದರೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಕಾಣಬಹುದು ಅಂತಲೂ ಆಸೆ ಹುಟ್ಟಿಸಿದ್ದರು. ಜೂನ್‌ನಲ್ಲಿ ರಾತ್ರಿ ಸರಿಯಾಗಿ ಕತ್ತಲಾಗಲ್ಲ, ಹಾಗಾಗಿ ಆಗ ಕಾಣಲ್ಲ, ಆ ಮಾತು ಸುಳ್ಳಲ್ಲ. ಆದರೆ ಕತ್ತಲಿದ್ದರೆ ಸಾಕಾ, ಮೋಡವೂ ಇರಬಾರದು ಅಲ್ವಾ? ಮೇಲಾಗಿ ಜೂನ್‌ನಲ್ಲಿ ಜುನೋದಲ್ಲಿ 18 ಗಂಟೆ ಬೆಳಕು. ನಮಗೆ ಸಿಕ್ಕಿದ್ದು ಹನ್ನೆರಡಕ್ಕೂ ಕಡಿಮೆ, ಅದೂ ಬೂದು ಬಣ್ಣದ್ದು. ಸಂಜೆ ಏಳು ಗಂಟೆ ದಾಟಿದ ಮೇಲೆ ಡೆಕ್ ಮೇಲೆ ನಿಂತರೆ ಏನೂ ಕಾಣದು.

ನಾವು ಜೂನ್ ಬಿಡಲು ಇನ್ನೊಂದು ಕಾರಣ ಇತ್ತು, ಅದೂ ನನ್ನದೇ ತಪ್ಪು. ಬೇರೆ ದೇಶದ ಬಾವುಟದ ಹಡಗು ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಬರಬೇಕಾದರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು, 1886ರ ಕಾನೂನು. ಅದಕ್ಕೇ ಸಿಯಾಟಲ್ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ನೀವು ಹಡಗಿನಿಂದ ಇಳಿಯದಿದ್ದರೂ ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಬೇಡ, ಆದರೆ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದವರು. ಇದು ಗೊತ್ತಾಗಿ ಅರ್ಜಿ ಹಾಕಿ, ವೀಸಾ ಕೈಗೆ ಬರುವಷ್ಟರಲ್ಲಿ ಬೇಸಿಗೆ ಮುಗಿದಿತ್ತು. ಅವರು ಊರಿಂದ ಹೊರಡುವ ಮುಂಚೆಯೇ ಹಾಕಿಸಿಬಿಡಿ.

ವಯಸ್ಸಾದವರ ಜೊತೆ ಹೋಗುವುದಾದರೆ ಮೇ ಕೊನೆಯಿಂದ ಜೂನ್ ಒಳಗೆ ಹೋಗಿ ಅಂತಲೇ ನಾನು ಹೇಳೋದು. ಆಗಲೂ ಕೊರತೆ ಇದ್ದೇ ಇದೆ. ಮೇ ತಿಂಗಳಲ್ಲಿ ಬೆಟ್ಟದ ದಾರಿಗಳಲ್ಲಿ ಹಿಮ ಕರಗಿರಲ್ಲ. ಸಾಲ್ಮನ್ ಇನ್ನೂ ಬಂದಿರಲ್ಲ, ಹಾಗಾಗಿ ಹೊಳೆ ಬದಿಯಲ್ಲಿ ಮೀನು ಹಿಡಿಯುವ ಕರಡಿ ಸಿಗೋದು ಕಷ್ಟ. ಕರಡಿಯೇ ಬೇಕು ಅಂದರೆ ಜುಲೈ ಕೊನೆಗೆ ಹೋಗಿ, ಜನಜಂಗುಳಿ ಸಹಿಸಿಕೊಂಡು, ಜಾಸ್ತಿ ದುಡ್ಡು ಕೊಟ್ಟು.

ಅಮ್ಮ ಇನ್ನೂ ಮಂಜುಗಡ್ಡೆ ಮುಟ್ಟಿಲ್ಲ. ಬರುವ ಜೂನ್‌ಗೆ ವ್ಯಾಂಕೂವರ್‌ನಿಂದ ಹೊರಡುವ ಹಡಗು ಹುಡುಕುತ್ತಿದ್ದೇನೆ. ಅಪ್ಪ ಮಾತ್ರ, ನೀವಿಬ್ಬರೇ ಹೋಗಿ ಬನ್ನಿ ಅಂದುಬಿಟ್ಟಿದ್ದಾರೆ.